ಕಣ್ಮುಚ್ಚವ್ವನ ದೊಣೆ

ಹದ್ದುಗಲ್ಲು ಗುಡ್ಡದ ಕಣಿವೆ ಹತ್ತಿ ಬಂದವರಿಗೆ ಎಡಗಡೆ ಬಂಡೆಯ ಹೊಟ್ಟೆಯಲ್ಲಿ ಒಂದು ದೊಣೆ ಕಾಣುತ್ತದೆ. ಸುತ್ತಲಿನ ಬಾವಿಗಳೆಲ್ಲ ಬಾಯಿಬಿಟ್ಟು ಆಕಾಶ ನೋಡುವ ಬೇಸಿಗೆಯಲ್ಲೂ ಇದರ ನೀರು ಗೇಣು ಇಳಿಯುವುದಿಲ್ಲ. ಆಳ ನೋಡುತ್ತೇವೆಂದು ಊರಿನ ಮಂಚಗಳ ಹಗ್ಗವನ್ನೆಲ್ಲ ಬಿಚ್ಚಿ, ಗಂಟುಹಾಕಿ ಇಳಿಬಿಟ್ಟರಂತೆ. ಹಗ್ಗ ಮುಗಿಯಿತು, ದೊಣೆ ಮುಗಿಯಲಿಲ್ಲ. ಊರವರು ಆ ವರ್ಷವೆಲ್ಲ ನೆಲದ ಮೇಲೆ ಮಲಗಿದರು. ಇಂಥ ಸಿಹಿನೀರು ಕಾಶಿಯಲ್ಲೂ ಇಲ್ಲ ಎನ್ನುತ್ತಾರೆ. ಹಾಗೆನ್ನುವವರಲ್ಲಿ ಕಾಶಿಗೆ ಹೋದವರು ಯಾರೂ ಇಲ್ಲ, ಅದು ಬೇರೆ ಮಾತು. ಇದಕ್ಕೆ ಕಣ್ಮುಚ್ಚವ್ವನ ದೊಣೆ ಎಂದು ಹೆಸರು ಬಂದ ಬಗೆ ಹೀಗೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲಕ್ಕೂ ಮುಂಚೆ, ಉಪ್ಪು ಹೇರಿದ ಎತ್ತುಗಳು ಈ ಕಣಿವೆಯಲ್ಲಿ ಸಾಲುಗಟ್ಟಿ ಹಾಯುತ್ತಿದ್ದವು. ಆಗಿನ ಬಿಸಿಲೆಂದರೆ ಈಗಿನಂಥ ಬಿಸಿಲಲ್ಲ. ಒಂದು ಕಾಗೆ ಇನ್ನೊಂದು ಕಾಗೆಯ ನೆರಳು ಹಿಡಿದು ಹಾರುತ್ತಿತ್ತು. ಅಂಥ ಬಿಸಿಲಿನಲ್ಲಿ ದೊಣೆಯ ಪಕ್ಕ ಹುಲ್ಲಿನ ಚಪ್ಪರ ಹಾಕಿಕೊಂಡು ದಾರಿಹೋಕರಿಗೆ ನೀರೆರೆಯುತ್ತಿದ್ದವಳು ತಿಪ್ಪವ್ವ, ಕುರಿಗಾಹಿಯೊಬ್ಬನ ವಿಧವೆ. ಬೊಗಸೆಯೊಡ್ಡಿದವರಿಗೆ ಮೊದಲು "ತಲೆ ಎತ್ತಪ್ಪಾ, ನೋಡಾನ" ಎನ್ನುವಳು. ಮುಖ ನೋಡಿದ ಮೇಲೆಯೇ ತಂಬಿಗೆ ಬಗ್ಗುತ್ತಿತ್ತು. ಜನ ಅದನ್ನು ತಾಯಿಯ ಅಕ್ಕರೆ ಎಂದುಕೊಂಡು, ಧರ್ಮದವ್ವ ಎಂದು ಕೈಮುಗಿದು ಹೋಗುವರು. ಅವರು ಕೈಮುಗಿದಾಗಲೆಲ್ಲ ಅವಳಿಗೆ ಚೇಳು ಕುಟುಕಿದಂತಾಗುತ್ತಿತ್ತು. ಯಾಕೆಂದರೆ ಅವಳು ಹುಡುಕುತ್ತಿದ್ದದ್ದು ಮಗ ಪಾಲಯ್ಯನ ಹುಬ್ಬನ್ನು. ಅವನಿನ್ನೂ ಹುಡುಗನಾಗಿದ್ದಾಗ ಒಂದು ದಿನ, ಅಂಬಲಿ ಹುಳಿಯಾಗಿದೆ ಎಂದದ್ದಕ್ಕೆ ಸಿಟ್ಟಿನಲ್ಲಿ ಅವನ ಮೇಲೆ ಸೌಟು ಬೀಸಿದ್ದಳು. ಹುಬ್ಬು ಒಡೆದು, ಸುರಿಯುವ ರಕ್ತ ಒರೆಸಿಕೊಳ್ಳುತ್ತ ಅವನು ಉಪ್ಪಿನವರ ಹಿಂದೆ ಹೊರಟುಹೋಗಿದ್ದ. ಗಡ್ಡ ಬಂದಿರಬಹುದು, ದನಿ ಒಡೆದಿರಬಹುದು, ಹುಬ್ಬಿನ ಕಲೆ ಎಲ್ಲಿ ಹೋದೀತು? ಈ ದಾರಿಯಲ್ಲಿ ಬೇರೆಲ್ಲೂ ನೀರಿಲ್ಲ. ಬದುಕಿದ್ದರೆ ಇಲ್ಲಿಗೇ ಬರಬೇಕು.

ಒಂದು ಮಧ್ಯಾಹ್ನ, ಮುಖದ ತುಂಬ ಕಂಬಳಿ ಸುತ್ತಿಕೊಂಡ ಗಂಡಸೊಬ್ಬ ತೂರಾಡುತ್ತ ಬಂದು ಬೊಗಸೆಯೊಡ್ಡಿದ.

"ಈ ಬಿಸಿಲಾಗೆ ಯಾವ ಚಳಿ ಬಂತಪ್ಪಾ ನಿನಗೆ? ಕಂಬಳಿ ತೆಗಿ, ಮುಖ ನೋಡಾನ."

"ತೋರಿಸೋ ಮುಖ ಅಲ್ಲವ್ವಾ. ನೀರು ಹಾಕು."

"ಒಂದೇ ಒಂದ್ಸಲ ನೋಡಿ ಹಾಕ್ತೀನಿ."

"ಧರ್ಮದವ್ವ ಅಂತ ಕೇಳಿದ್ದೆ. ಇಲ್ಲಿ ನೋಡಿದ್ರೆ ಸಂತೇಲಿ ಕೂತೋಳಂಗೆ ವ್ಯಾಪಾರ ಮಾಡ್ತೀಯಲ್ಲಾ! ಮುಖ ಕೊಟ್ರೆ ನೀರು ಕೊಡ್ತೀಯಾ?" ಎಂದವನು ಬೊಗಸೆ ಬಿಡಿಸಿ, ತಿರುಗಿ ನಡೆದ. ಚಪ್ಪರ ದಾಟುವಷ್ಟರಲ್ಲಿ ಕುಸಿದುಬಿದ್ದ.

ತಿಪ್ಪವ್ವ ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಂಬಳಿ ಎಳೆದರೆ ತಡೆಯುವ ಶಕ್ತಿ ಅವನಲ್ಲಿರಲಿಲ್ಲ. ಆಳಿನ ಎತ್ತರ ಪಾಲಯ್ಯನದೇ ಎನಿಸಿತು. ಅವಳಿಗೆ ಯಾರ ಎತ್ತರವೂ ಹಾಗೇ ಅನಿಸುತ್ತಿತ್ತು ಅನ್ನಿ. ಕೈ ಕಂಬಳಿಯ ಅಂಚಿನವರೆಗೂ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕಂಬಳಿ ಸರಿಸಿ, ಬೆರಳಿನಿಂದ ತಡವಿ ಬಾಯಿ ಹುಡುಕಿ, ತಂಬಿಗೆ ಬಗ್ಗಿಸಿದಳು. ಬೆರಳು ತುಟಿಯಿಂದ ಮೇಲಕ್ಕೆ ಹೋಗಲಿಲ್ಲ. ಹುಬ್ಬು ಅಲ್ಲೇ ಇತ್ತು, ಗೇಣಿಗಿಂತ ಹತ್ತಿರದಲ್ಲಿ. ಅವನು ಕುಡಿದ ಕುಡಿತಕ್ಕೆ ದೊಣೆಯಲ್ಲಿ ಸುಳಿಯೆದ್ದಿತಂತೆ. ಅವನು ಎದ್ದು ಹೋದ ಹೆಜ್ಜೆಯ ಸದ್ದು ಕಣಿವೆಯಲ್ಲಿ ಅಡಗುವತನಕ ಅವಳು ಕಣ್ಣು ತೆರೆಯಲಿಲ್ಲ.

ರೋಗದಲ್ಲಿ ಮುಖ ಕೆಟ್ಟಿದ್ದ ಪಾಲಯ್ಯನೇ ಅವನು ಎನ್ನುತ್ತಾರೆ ಕೆಲವರು. ಶಿವನೇ ಪರೀಕ್ಷೆಗೆ ಬಂದಿದ್ದ ಎನ್ನುತ್ತಾರೆ ಪೂಜಾರಿಗಳು. ಕಂಬಳಿ ಕದ್ದು ಓಡುತ್ತಿದ್ದ ಕಳ್ಳ ಎನ್ನುವವರೂ ಇದ್ದಾರೆ. ತಿಪ್ಪವ್ವನಿಗೆ ಸಾಯುವತನಕ ತಿಳಿಯಲಿಲ್ಲ. ಅಂದಿನಿಂದ ಯಾರೇ ಬಂದರೂ ಅವಳು ಕಣ್ಣು ಮುಚ್ಚಿಯೇ ನೀರೆರೆದಳು. ಅರ್ಧ ನೀರು ಬೊಗಸೆಗೆ, ಅರ್ಧ ಬಂಡೆಗೆ.

ಇದನ್ನು ನೋಡಿ ಗಂಡನ ತಂಗಿ ಬೊಮ್ಮಕ್ಕ ಕೆಣಕಿದಳು: "ಬಿಡತ್ತಿಗೇ, ಈಗ ನಿನಗೆ ಏನೂ ಬ್ಯಾಡಾಯ್ತು. ಕೈಲಾಸದಾಗೆ ಮಣೆ ಹಾಕಿಟ್ಟಿರ್ತಾರೆ, ಹೋಗಿ ಕೂತ್ಕಳಾದೇಯ."

"ಸುಮ್ನಿರೇ. ಕಣ್ಣು ಬಿಟ್ಕಂಡಿದ್ದಾಗ ಬಂದೋರಲ್ಲಿ ಒಬ್ನೂ ನನ್ನ ಮಗ ಆಗ್ಲಿಲ್ಲ. ಮುಚ್ಕಂಡ್ರೆ ಗಟಗಟ ಅನ್ನೋ ಗಂಟ್ಲೆಲ್ಲ ಅವನದೇ. ಮೊದ್ಲಿಗಿಂತ ಈಗ್ಲೇ ಕಣೇ ನನಗೆ ಲಾಭ ಜಾಸ್ತಿ."

ಬೊಮ್ಮಕ್ಕ ತಂಬಿಗೆ ತುಂಬಿಸಿ ಅತ್ತಿಗೆಯ ಕೈಗೆ ಕೊಟ್ಟಳು. ಊರೆಲ್ಲ ಅವಳ ಬಾಯಿಗೆ ಹೆದರುತ್ತಿತ್ತು. ಅಂಥವಳು ಒಬ್ಬರ ಮಾತಿಗೆ ಬಗ್ಗಿದ್ದು ಅದೊಂದೇ ಸಲ ಎನ್ನುತ್ತಾರೆ.

ಇಲ್ಲಿ ಗುಡಿಯಿಲ್ಲ, ಮೂರ್ತಿಯಿಲ್ಲ. ಬಂದವರು ಒಬ್ಬರಿಗೊಬ್ಬರು ನೀರೆರೆಯುತ್ತಾರೆ. ಎರೆಯುವವರು ಕಣ್ಣು ಮುಚ್ಚಬೇಕು, ಕುಡಿಯುವವರು ಹೆಸರು ಹೇಳಬಾರದು. ಲಾರಿ ಡ್ರೈವರುಗಳು, ಹೊಸದಾಗಿ ಮದುವೆಯಾದವರು ಮೈಯೆಲ್ಲ ನೆನೆಸಿಕೊಂಡು ನಗುತ್ತಾರೆ. ಗುಟುಕಿನ ಸದ್ದು ಕೇಳಿದಾಗ ಯಾಕೋ ಇನ್ನೊಂದು ಬೊಗಸೆ ಎರೆಯುತ್ತಾರೆ. ಚೆಲ್ಲಿದ ನೀರು ಹರಿದು ಹರಿದು ಬಂಡೆಯಲ್ಲಿ ಬೆರಳಗಲದ ಗೀರು ಬಿದ್ದಿದೆ. ಜನ ಇಳಿದುಹೋದ ಮೇಲೆ ಓತಿಕ್ಯಾತಗಳೂ ಇರುವೆಗಳೂ ಗುಬ್ಬಿಗಳೂ ಆ ಗೀರಿನುದ್ದಕ್ಕೂ ಸಾಲಾಗಿ ನಿಂತು ನೀರು ಕುಡಿಯುತ್ತವೆ.