ಇದು ಕೆಂಪಲ್ಲ ಅಂದ ಕರಣಿಕ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಕೇಳಿದ ಮೇಲೆ ನಿಮಗೂ ಸಿಟ್ಟು ಬರಬೇಕು, ಅಂಥ ಕಥೆ ಇದು. ಹೊಂಬಾಳೆಪಟ್ಟಣ ಅಂತ ಒಂದು ರಾಜ್ಯ. ಅಲ್ಲಿ ನೂಲಿಗೆ ಬಣ್ಣ ಹಾಕುವ ಚೌಡವ್ವ ಅಂತ ಒಬ್ಬಳು. ಅವಳ ಬಣ್ಣದ ಮನೆಯಲ್ಲಿ ಹನ್ನೊಂದು ಜನ ಕೂಲಿಯವರು.

ಆ ರಾಜ್ಯದಲ್ಲಿ ಒಂದು ಪದ್ಧತಿ. ಆಳು ಇಟ್ಟವರು ಕೂಲಿಯಲ್ಲಿ ಹತ್ತರಲ್ಲೊಂದು ಪಾಲು ಹಿಡಿದು ಅರಮನೆಗೆ ಕಟ್ಟಬೇಕು. ಆಳುಗಳು ಮುದುಕರಾದಾಗ ಅರಮನೆ ಅವರಿಗೆ ಗಂಜಿ ಹಾಕಬೇಕು. ಲೆಕ್ಕ ಒಪ್ಪಿಸೋದು ವರ್ಷಕ್ಕೊಮ್ಮೆ, ಬಾಯಿಮಾತಲ್ಲಿ. ಈ ಸಲ ರಾಜ ಡಂಗುರ ಹೊಡೆಸಿದ: "ಇನ್ನು ಮೂರು ತಿಂಗಳಿಗೊಮ್ಮೆ ಓಲೆ ಒಪ್ಪಿಸಿ. ಯಾರು ದುಡಿದರು, ಎಷ್ಟು ದಿನ, ಕೂಲಿ ಎಷ್ಟು, ಹಿಡಿದದ್ದೆಷ್ಟು. ಒಪ್ಪಿಸದವರ ಬಾಗಿಲಿಗೆ ಮುದ್ರೆ!"

ರಾಜನ ಮಾತು ಸರಳ. ಅದನ್ನು ಸಿಕ್ಕು ಮಾಡೋಕೆ ಅರಮನೆ ಲೆಕ್ಕ ಬರೆಯುವ ಕರಣಿಕ ಲಿಂಗರಸ ಇದ್ದನಲ್ಲ!

ಚೌಡವ್ವನಿಗೆ ಓದು ಬರಹ ಇಲ್ಲ. ಅವಳ ಮನೆಯಲ್ಲಿ ಒಬ್ಬೊಬ್ಬ ಆಳಿಗೂ ಒಂದೊಂದು ಬಣ್ಣದ ನೂಲು. ಕೆಲಸಕ್ಕೆ ಬಂದ ದಿನಕ್ಕೊಂದು ಗಂಟು. ಹನ್ನೊಂದು ನೂಲು ಹಿಡಿದು ಚಾವಡಿಗೆ ಹೋದಳು.

"ಇದೇನೇ, ಕರು ಕಟ್ಟೋ ಹಗ್ಗವಾ? ಅಕ್ಷರ ತಾ" ಅಂದ ಲಿಂಗರಸ.

ಎರಡನೇ ಸಲ, ಮಠದ ಅಯ್ಯನವರಿಗೆ ಗಂಟು ಎಣಿಸಿ ಹೇಳಿ ಓಲೆ ಬರೆಸಿಕೊಂಡು ಹೋದಳು. ಲಿಂಗರಸ ಓಲೆಗೆ ಗೇಣು ಹಾಕಿದ. "ಒಂದು ಬೆರಳು ಗಿಡ್ಡ. ನಡಿ."

ಮೂರನೇ ಸಲ ಉದ್ದದ ಓಲೆ ಒಯ್ದಳು. ಅವನು ಅದಕ್ಕೆ ಕಟ್ಟಿದ ದಾರ ಹಿಡಿದು ಮೂಗು ಮುರಿದ. "ಕೆಂಪು ದಾರ ಕಟ್ಟಬೇಕು. ಇದು ಕೆಂಪಲ್ಲ."

ನಲವತ್ತು ವರ್ಷ ಮೊಣಕೈವರೆಗೆ ಕೆಂಪಿನಲ್ಲಿ ಅದ್ದಿದ ಕೈ ಅವಳದು! ಅವಳಿಗೆ ಕೆಂಪು ಯಾವುದು ಅಂತ ಇವನು ಹೇಳ್ತಾನೆ, ಮಸಿ ಕುಡಿಕೆ ಬಿಟ್ಟು ಬೇರೆ ಬಣ್ಣ ಮುಟ್ಟದವನು.

"ಹಾಗಾದ್ರೆ ಏನು ಮಾಡ್ಲಿ ಬುದ್ಧಿ?"

"ಹೊರಗೆ ಹುಣಸೆಮರದ ಕೆಳಗೆ ನನ್ನ ಭಾವಮೈದ ಕೂತಿದ್ದಾನೆ. ಆಳಿಗೊಂದು ವರಹ ಕೊಟ್ಟರೆ ಸರಿಯಾದ ಓಲೆ ಬರೆದುಕೊಡ್ತಾನೆ. ಇವತ್ತೇ ಕೊನೇ ದಿನ, ನೋಡು."

ನಾನು ಹೋದ ಊರುಗಳಲ್ಲೆಲ್ಲ ಆ ಮರವೂ ಇತ್ತು, ಆ ಭಾವಮೈದನೂ ಇದ್ದ. ಆಳಿಗೊಂದು ವರಹ ಅಂದ್ರೆ ಹನ್ನೊಂದು ಜನರ ಒಂದು ತಿಂಗಳ ಕೂಲಿ. ಕೊಟ್ಟರೆ ಅವರ ಹೊಟ್ಟೆಗಿಲ್ಲ. ಕೊಡದಿದ್ದರೆ ಬಾಗಿಲೇ ಇಲ್ಲ. ಚೌಡವ್ವ ಕೊಡಲಿಲ್ಲ.

ಮಾರನೇ ದಿನ ಲಿಂಗರಸ ಅರಗು, ಮುದ್ರೆ ಹಿಡಿದು ಪಲ್ಲಕ್ಕಿಯಲ್ಲಿ ಬಂದ. ಹೊತ್ತವರು ನಾಲ್ಕು ಜನ ಬೋಯಿಗಳು. ಬೀದಿಗೆ ಬೀದಿಯೇ ಸೇರಿತು.

ಚೌಡವ್ವ ಕೈಮುಗಿದಳು. "ಬುದ್ಧಿ, ನಾನು ದಡ್ಡಿ. ನೀವೂ ನಾಲ್ಕು ಆಳು ಇಟ್ಟವರು. ಇವರದ್ದು ಅಂತ ನೀವು ಬರೆದ ಓಲೆ ಒಂದ್ಸಲ ತೋರ್ಸಿ. ಅದೇ ಉದ್ದ, ಅದೇ ದಾರ, ಹಾಗೇ ಮಾಡಿಸ್ತೀನಿ."

ಲಿಂಗರಸನ ಮುಖ ಬಿಳಿಚಿತು. ಬರೆದಿದ್ದರೆ ತಾನೇ ತೋರಿಸೋದು? "ಇವರು... ಇವರು ಕೂಲಿಯವರಲ್ಲ. ಪ್ರೀತಿಯಿಂದ ಹೊರ್ತಾರೆ."

"ಹೌದೇನಪ್ಪಾ?" ಅಂತ ಮುಂದಿದ್ದ ಬೋಯಿ ದುಗ್ಗನನ್ನು ಕೇಳಿದಳು.

"ಯಾರಿಗವ್ವ ಇವರ ಮೇಲೆ ಪ್ರೀತಿ?" ನಾಲ್ವರೂ ಪಲ್ಲಕ್ಕಿ ಧೊಪ್ಪನೆ ಇಳಿಸಿದರು. "ತಿಂಗಳಿಗೆ ಹತ್ತು ಹಣ ಅಂತ ಮಾತು. ಒಂದು ಅರಮನೆಗೆ ಅಂತ ಹಿಡ್ಕೊಂಡು ಒಂಬತ್ತು ಕೊಡ್ತಾರೆ. ಆರು ವರ್ಷ ಆಯ್ತು."

"ಆ ಆರು ವರ್ಷದ್ದು ಅರಮನೆ ಸೇರಿದೆಯಾ ಬುದ್ಧಿ?"

"ಎತ್ರೋ, ಹೋಗೋಣ!" ಅಂದ ಲಿಂಗರಸ. ಬೋಯಿಗಳು ಪಲ್ಲಕ್ಕಿ ಎತ್ತಲಿಲ್ಲ. ಜನ ಅವನನ್ನು ಬಿಸಿಲಲ್ಲಿ ನಡೆಸಿಕೊಂಡೇ ರಾಜನ ಮುಂದೆ ನಿಲ್ಲಿಸಿದರು.

"ಮುದುಕರ ಗಂಜಿ ಕುಡಿದೆಯೇನೋ!" ರಾಜ ಗದರಿದ. ತಿಂದದ್ದನ್ನೆಲ್ಲ ಕಕ್ಕಿಸಿದ. ಕರಣಿಕತನ ಕಿತ್ತುಕೊಂಡ. ನಾಲ್ಕೇ ಸಾಲಿನ ಮಾದರಿ ಓಲೆ ಮಾಡಿಸಿ ಅವನ ಕೈಗೇ ಕೊಟ್ಟ. "ಆಳು ಇಟ್ಟವರ ಮನೆಮನೆಗೂ ನಡೆದು ಹೋಗು. ತುಂಬೋದು ಹೇಗೆ ಅಂತ ಬಿಟ್ಟಿಯಾಗಿ ಹೇಳಿಕೊಡು. ಮೂರು ವರ್ಷ."

ಮೊದಲ ಮನೆ ಚೌಡವ್ವನದೇ. ಅವಳು ಚಾಪೆ ಹಾಸಿದಳು. "ಬಾರಪ್ಪಾ, ಕೂತ್ಕೋ. ಹನ್ನೊಂದು ಜನರಿಗೂ ತಿಳಿಯೋ ಹಾಗೆ ಬಿಡಿಸಿ ಹೇಳು."

ನೀತಿ ಇಷ್ಟೇ ಮಕ್ಕಳೇ: ಹೊಸ ಕಟ್ಟಳೆ ಬಂದಾಗ ಜನಕ್ಕೆ ಅದನ್ನು ಕಲಿಸೋದು ಅಧಿಕಾರಿಯ ಕೆಲಸ. ಜನಕ್ಕೆ ಗೊತ್ತಿಲ್ಲ ಅನ್ನೋದನ್ನೇ ಬಂಡವಾಳ ಮಾಡಿಕೊಂಡು ತಿನ್ನುವವನು ಕಳ್ಳ. ಕೈಯಲ್ಲಿ ಅರಮನೆಯ ಮುದ್ರೆ ಇದ್ದರೂ ಕಳ್ಳನೇ.