ದೇವಕ್ಕನ ಫೋಟೋ

ಹೊಳೆದಂಡೆಯ ಹಾಲಪ್ಪ ಮಾಸ್ತರರ ಸ್ಟುಡಿಯೋ ಎಂದರೆ ಅವರ ಮನೆಯ ಹಿತ್ತಿಲ ಪಡಸಾಲೆ. ಗೋಡೆಗೆ ಬಿಳಿ ಪಂಚೆ, ಮಾಡಿನಲ್ಲಿ ಎರಡು ಗಾಜಿನ ಹೆಂಚು, ಕೂರಲು ಒಂದು ಸ್ಟೂಲು.

ಶಿಷ್ಯೆ ಅಂಬುಜಾಳಿಗೆ ಅವರು ಕಲಿಸಿದ ಮೊದಲ ನಿಯಮ: ಕೂತವರ ಹೆಸರು ಕೇಳದೆ ಕ್ಯಾಮೆರಾ ಮುಟ್ಟಬಾರದು.

ಒಂದು ದಿನ ನಿಂಗವ್ವ ಎಂಬ ತಾಯಿ ತನ್ನ ಕಿರಿಮಗಳನ್ನು ಕರೆತಂದಳು.

“ಹಿರಿಮಗಳು ದೇವಕ್ಕ ಹೋಗಿ ವರ್ಷ ಆಗಾಕ ಬಂತವ್ವ. ಹಾರ ಹಾಕಾಕ ಒಂದು ಫೋಟೋ ಇಲ್ಲ. ಇಬ್ಬರದೂ ಒಂದೇ ಮುಖ. ಅಕೀ ಸೀರೀನ ಇಕಿಗೆ ಉಡಿಸೀನಿ. ತಗದುಬಿಡು.”

ಅಂಬುಜಾ ತೆಗೆದಳು. ನಿಂಗವ್ವ ನೋಡಿ ಅಡ್ಡಡ್ಡ ತಲೆಯಾಡಿಸಿದಳು. “ನನ್ನ ದೇವಕ್ಕ ಅಲ್ಲ ಇದು.”

ಮರುದಿನ ಅಂಬುಜಾ ಹುಡುಗಿಯ ಬೈತಲೆ ಬದಲಾಯಿಸಿ ತೆಗೆದಳು. ಆಗಲೂ ಅಲ್ಲ.

ಮೂರನೆಯ ದಿನ ಹುಡುಗಿಯ ಗದ್ದಕ್ಕೆ ಕಾಡಿಗೆಯಿಂದ ದೇವಕ್ಕನಿಗಿದ್ದಂಥ ಮಚ್ಚೆ ಇಟ್ಟಳು. “ನಗಬ್ಯಾಡ. ನಿಮ್ಮಕ್ಕ ಹಲ್ಲು ಕಾಣೂ ಹಂಗ ನಗ್ತಿರಲಿಲ್ಲಂತ.”

ಹುಡುಗಿ ಬಾಯಿ ಮುಚ್ಚಿಕೊಂಡಳು.

ಈ ಸಲ ನಿಂಗವ್ವ ಫೋಟೋ ಎದೆಗೊತ್ತಿಕೊಂಡು ಅತ್ತಳು. “ಹೌದವ್ವಾ! ಇಕೀನ ನನ್ನ ದೇವಕ್ಕ!”

ಅಂಬುಜಾ ಇನ್ನೊಂದು ಪ್ರತಿ ಹಿಡಿದು ಒಳಮನೆಯಲ್ಲಿದ್ದ ಗುರುಗಳ ಬಳಿ ಓಡಿದಳು. ಮಾಸ್ತರರು ಅದನ್ನು ಬೆಳಕಿಗೆ ಹಿಡಿದರು.

“ಬೆಳಕು ಸರಿ ಐತಿ. ಹುಡುಗಿ ಹೆಸರೇನು?”

“ದೇವಕ್ಕ.”

“ಸ್ಟೂಲಿನ ಮ್ಯಾಲೆ ಕೂತಾಕೀದು.”

ಅಂಬುಜಾ ಪಡಸಾಲೆಯ ಕಡೆ ತಿರುಗಿ ನೋಡಿದಳು. ಮೂರು ದಿನದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮಾಸ್ತರರು ಎದ್ದು ಪಡಸಾಲೆಗೆ ಬಂದರು. “ನಿನ್ನ ಹೆಸರೇನು, ತಂಗಿ?”

“ಪಾರವ್ವ.”

“ನಿನ್ನ ಫೋಟೋ ಎಷ್ಟು ಅದಾವ?”

ಹುಡುಗಿ ಅವ್ವನ ಮುಖ ನೋಡಿದಳು. ಅವ್ವ ನೆಲ ನೋಡಿದಳು.

“ಹೋಗಿ ಮುಖ ತೊಳಕೊಂಡು, ನಿನ್ನ ಲಂಗ ಹಾಕ್ಕೊಂಡು ಬಾ.”

ಬಂದು ಕೂತಳು. “ಹೆಂಗ ಕೂಡಲ್ರಿ?”

“ನಿನಗ ಹೆಂಗ ಬರ್ತದೋ ಹಂಗ.”

ಪಾರವ್ವ ಒಂದು ಕಾಲು ಮೇಲೆಳೆದುಕೊಂಡಳು. ಗುರುಗಳ ಸನ್ನೆ ನೋಡಿ ಅಂಬುಜಾ ಕ್ಯಾಮೆರಾದ ಹಿಂದೆ ನಿಂತಳು. ಗಡಿಬಿಡಿಯಲ್ಲಿ ಕ್ಯಾಮೆರಾದ ಕರಿಬಟ್ಟೆ ತಲೆಗೆ ಸುತ್ತಿಕೊಂಡು ತಡವರಿಸಿದಳು. ಹುಡುಗಿ ಕಿಸಕ್ಕನೆ ನಕ್ಕಳು. ಅಂಬುಜಾ ಅದನ್ನೇ ತೆಗೆದಳು.

ಕಾಗದ ಒಣಗುವವರೆಗೂ ಎಲ್ಲರೂ ಕಾದರು.

ನಿಂಗವ್ವ ಹೊಸ ಫೋಟೋವನ್ನು ಕಣ್ಣಿನ ಹತ್ತಿರ ತಂದಳು. “ಈ ಹಲ್ಲು ಯಾವಾಗ ಮುರೀತು, ಪಾರಿ?”

“ಹ್ವಾದ ದಸರಾಕ್ಕ. ಬಾವಿ ಕಟ್ಟಿಗೆ ಬಿದ್ದೆ.”

“ನನಗ ಹೇಳಲೇ ಇಲ್ಲ?”

“ನೀ ಅಳಾಕ ಹತ್ತಿದ್ದಿ, ಅವ್ವ.”

ನಿಂಗವ್ವ ಎದೆಗೊತ್ತಿಕೊಂಡಿದ್ದ ಮೊದಲಿನ ಫೋಟೋ ತೆಗೆದು ಬೋರಲು ಇಟ್ಟಳು. ಅದು ಬದುಕಿರುವ ಪಾರಿಯ ಮುಖ; ಅದಕ್ಕೆ ಹಾರ ಹಾಕಲು ಇನ್ನು ಅವಳಿಗೆ ಕೈ ಬಾರದು.

“ಹಂಗಾದ್ರ ನನ್ನ ದೇವಕ್ಕನ್ನ ಎಲ್ಲಿ ನೋಡ್ಲಿರಿ, ಮಾಸ್ತರ?”

ಅಂಬುಜಾಳೂ ಗುರುಗಳ ಕಡೆ ನೋಡಿದಳು.

ಮಾಸ್ತರರು ಸ್ಟೂಲನ್ನು ನಿಂಗವ್ವನ ಪಕ್ಕಕ್ಕೆ ಸರಿಸಿ, ಪಾರವ್ವನನ್ನು ಕೂರಿಸಿದರು.

“ದೇವಕ್ಕ ಹೆಂಗಿದ್ಲಂತ ಇಕೀನ್ನ ಕೇಳವ್ವ. ಅಕ್ಕನ ಜೋಡಿ ಒಂದೇ ಹಾಸಿಗ್ಯಾಗ ಬೆಳೆದಾಕಿ. ವರ್ಷದಿಂದ ಇಕೀನ್ನ ಯಾರೂ ಕೇಳಿಲ್ಲ.”