ಹುಲ್ಲಿನ ಕರು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಭಜನೆಮನೆಯ ರುದ್ರಮುನಿಯಪ್ಪನವರು. ಅವರು ಹೇಳಿದಂತೆಯೇ ಬರೆಯುತ್ತೇನೆ.

ಪೇಟೆಗೆ ಹೋಗಿಬಂದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಪೇಟೆಯಲ್ಲಿ 'ಬೋಗಸ್' ಅಂತ ಒಂದು ಇಂಗ್ಲಿಷ್ ಮಾತು ಕಲಿತೆ. ನಿಜವಲ್ಲದ್ದು, ಖೋಟಾ ಅಂತ ಅರ್ಥವಂತೆ. ಬಹಳ ಅನುಕೂಲದ ಮಾತು. ಬರುವ ದಾರಿಯಲ್ಲೇ ಪೂಜಾರಪ್ಪನಿಗೆ ಅಂದೆ, ಪಂಡಿತರಿಗೆ ಅಂದೆ, ನಮ್ಮ ಸೋದರಮಾವನಿಗೂ ಅಂದೆ. ಇನ್ನು ಯಾರಿಗೆಲ್ಲ ಅನ್ನಬಹುದು?"

ಗುರುಗಳು ಹೇಳಿದರು:

ಒಬ್ಬ ರೈತನ ಎಮ್ಮೆ ಕರು ಹಾಕಿತು. ಕರು ಉಳಿಯಲಿಲ್ಲ. ಕರುವನ್ನು ನೆಕ್ಕದೆ ಆ ಎಮ್ಮೆ ಹಾಲು ಇಳಿಸದು. ಸೊಸೆಗೆ ಎದೆಹಾಲು ಇಲ್ಲ. ಮನೆಯ ಮೊಮ್ಮಗುವಿಗೆ ಎಮ್ಮೆಯ ಹಾಲೇ ಗತಿ. ರೈತ, ಹಿಂದಿನವರು ಮಾಡುತ್ತಿದ್ದಂತೆ, ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ ಹೊಲಿಸಿದ. ನಾಲ್ಕು ಕೋಲಿನ ಕಾಲು ಕೊಟ್ಟು ಎಮ್ಮೆಯ ಮುಂದೆ ನಿಲ್ಲಿಸಿದ. ಎಮ್ಮೆ ನೆಕ್ಕಿತು. ಹಾಲು ಇಳಿಯಿತು.

ಆದರೂ ರೈತನಿಗೆ ಭಯ. ಗುಟ್ಟು ತಿಳಿದು ಎಮ್ಮೆ ಮುನಿದರೆ? ಕರುವಿನ ಕೊರಳಿಗೆ ಗಂಟೆ ಕಟ್ಟಿದ. ಬಾಲಕ್ಕೆ ದಾರ ಕಟ್ಟಿ ಎಳೆದು ಆಡಿಸಿದ. ಅದೂ ಸಾಲದೆ ಗೋಡೆಯ ಹಿಂದೆ ಕೂತು ಕರುವಿನ ಹಾಗೆ ಕೂಗತೊಡಗಿದ.

ಹಾಲು ಕರೆಯುತ್ತಿದ್ದ ಹೆಂಡತಿ, "ರೀ, ಸಾಕು ಸುಮ್ಮನಿರಿ. ಎಮ್ಮೆ ನಂಬಿಬಿಟ್ಟರೆ ನಿಮ್ಮನ್ನೇ ನೆಕ್ಕೋಕೆ ಬಂದೀತು" ಅಂದಳು.

"ನಗು, ನಗು. ಅದಕ್ಕೆ ತಿಳಿದ ದಿನ ಮಗುವಿಗೆ ಏನು ಕುಡಿಸ್ತೀಯೇ?" ಅಂದ ರೈತ.

ಒಂದು ಬೆಳಿಗ್ಗೆ, ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಚಿತು. ಹೊಟ್ಟೆಯಿಂದ ಹುಲ್ಲು ಇಣುಕಿತು. ಎಮ್ಮೆ ಮೂಸಿತು. ಒಂದು ಎಳೆ ಎಳೆದು ಅಗಿಯಿತು. ಆಮೇಲೆ ಒಂದು ಬಾಯಿ. ರೈತ ಬಾಯಿಗೆ ಬಂದ ಕೂಗನ್ನು ನುಂಗಿಕೊಂಡು ನೋಡುತ್ತ ನಿಂತ. ಎಮ್ಮೆ ತನ್ನ ಕರುವನ್ನು ಬಾಲದವರೆಗೂ ತಿಂದು ಮುಗಿಸಿತು. ಉಳಿದದ್ದು ಗಂಟೆ, ನಾಲ್ಕು ಕೋಲು, ಬರಿಯ ತೊಗಲು.

ಒಳಗೆ ಮಗು ಅಳತೊಡಗಿತು.

ಎಮ್ಮೆ ಕಿವಿ ನಿಮಿರಿಸಿತು. ಬಿದ್ದಿದ್ದ ತೊಗಲನ್ನು ಒಮ್ಮೆ ನೆಕ್ಕಿತು. ಹಾಲು ಇಳಿಸಿತು. ಆ ಹೊತ್ತು ಚೊಂಬು ತುಂಬಿ ನೊರೆ ನೆಲಕ್ಕೆ ಬಿತ್ತು.

ಶಿಷ್ಯ ಕೇಳಿದ: "ಹಾಗಾದರೆ ಕರು ಬೋಗಸ್ ಅಂತ ಎಮ್ಮೆಗೆ ಆವತ್ತು ತಿಳಿದುಹೋಯಿತಲ್ಲ, ಗುರುಗಳೇ?"

"ಮೊದಲ ದಿನವೇ ತಿಳಿದಿತ್ತಪ್ಪ, ಅನ್ನಲಿಲ್ಲ, ಅಷ್ಟೇ."



ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿರಿ. ಆದರೆ ಹುಲ್ಲಿನ ಕರು ಇರುವ ಮನೆಯಲ್ಲಾದರೆ, ಕೊಟ್ಟಿಗೆಯಿಂದ ದೂರ ಕೂತು ಮೆಲ್ಲಗೆ ಹೇಳಿರಿ.